ಟುಪೊಲೆವ್ ಮತ್ತು ಇಂಚಿನ ಹದಿನಾರನೇ ಒಂದು ಭಾಗ

ಸೋವಿಯತ್ ವಿಮಾನ ವಿನ್ಯಾಸಕ ಆಂದ್ರೇ ಟುಪೊಲೆವ್ (1888–1972) ಅಮೆರಿಕದ ಬೋಯಿಂಗ್ ಕಂಪನಿಯ ಬಿ-29 ಬಾಂಬರನ್ನು ಕದ್ದು ನಕಲಿಸಿದರು ಎಂದು ಮೂಗು ಮುರಿಯುವವರಿದ್ದಾರೆ. ತಗಡಿನ ಲೆಕ್ಕ ಬಲ್ಲವರು ಹಾಗೆ ಹಗುರವಾಗಿ ಮಾತಾಡುವುದಿಲ್ಲ.

1944ರಲ್ಲಿ ಜಪಾನೀ ನೆಲೆಗಳ ಮೇಲಿನ ದಾಳಿಯ ವೇಳೆ ತೊಂದರೆಗೆ ಸಿಕ್ಕ ಮೂರು ಬಿ-29ಗಳು ಸೋವಿಯತ್ ನೆಲದಲ್ಲಿ ಇಳಿದವು. ಟುಪೊಲೆವ್ ತಮ್ಮದೇ '64' ಎಂಬ ಬಾಂಬರ್ ರೂಪಿಸುತ್ತಿದ್ದರು. ಸ್ಟಾಲಿನ್ ಅದನ್ನು ಬದಿಗಿಡಿಸಿ, ಬಿ-29 ಇದ್ದ ಹಾಗೇ ಮಾಡಿ ಎಂದರು. ಮೂರರಲ್ಲಿ ಒಂದನ್ನು ಪೂರ್ತಿ ಬಿಚ್ಚಿದರು, ಒಂದನ್ನು ಹಾರಾಟದ ತರಬೇತಿಗೆ ಬಿಟ್ಟರು, ಇನ್ನೊಂದನ್ನು ತಾಳೆ ನೋಡಲು ಹಾಗೇ ಇಟ್ಟುಕೊಂಡರು.

ತೊಡಕು ಶುರುವಾದದ್ದು ಅಳತೆಯಲ್ಲಿ. ಬಿ-29ರ ಹೊದಿಕೆಯ ತಗಡು ಇಂಚಿನ 1/16 ಭಾಗ, ಅಂದರೆ 1.5875 ಮಿ.ಮೀ. ಸೋವಿಯತ್ ಕಾರ್ಖಾನೆಗಳಿಗೆ ಈ ಅಳತೆಯೇ ಇಲ್ಲ. 1.5ಕ್ಕೆ ಇಳಿಸೋಣವೆಂದರೆ ತೂಕವೇನೋ ಶೇ. 5.5ರಷ್ಟು ಉಳಿಯುತ್ತದೆ, ಆದರೆ ತಗಡಿನ ಬಾಗುವಿಕೆಯ ಬಿಗಿತ ದಪ್ಪದ ಘನದ ಲೆಕ್ಕದಲ್ಲಿ ಇಳಿಯುವುದರಿಂದ ಅದು ಸುಮಾರು ಶೇ. 16ರಷ್ಟು ಕುಗ್ಗಿ, ಒತ್ತಡ ಬಿದ್ದ ಕಡೆ ತಗಡು ಸುಕ್ಕಾಗುತ್ತದೆ. 2ಕ್ಕೆ ಏರಿಸಿದರೆ ಹೊದಿಕೆಯೇ ಶೇ. 26ರಷ್ಟು ಭಾರ; ಹಾರುವ ದೂರಕ್ಕೆ ಕತ್ತರಿ. ಹಾಗಾಗಿ ಒಂದೇ ಸೂತ್ರಕ್ಕೆ ಜೋತುಬೀಳದೆ, ಪ್ರತಿ ಭಾಗದ ಮೇಲಿನ ಭಾರವನ್ನು ಹೊಸದಾಗಿ ಲೆಕ್ಕ ಹಾಕಿ 0.8ರಿಂದ 1.8 ಮಿ.ಮೀ.ವರೆಗಿನ ತಗಡುಗಳನ್ನು ಹಂಚಿದರು. ಕೊನೆಗೆ ಖಾಲಿ ವಿಮಾನ ಮೂಲಕ್ಕಿಂತ ಹೆಚ್ಚು ತೂಗಿದ್ದು ಸುಮಾರು ಶೇ. 1 ಮಾತ್ರ. ಇದು ನಕಲಲ್ಲ, ಮರುವಿನ್ಯಾಸ.

ಎಂಜಿನ್ ಸೋವಿಯತ್ ವಿನ್ಯಾಸಕ ಶ್ವೆತ್ಸೋವ್ ಅವರದ್ದು, ಗನ್‌ಗಳೂ ಸ್ವದೇಶಿ. ಟಿಯು-4 ಎಂದು ಹೆಸರಾದ ಈ ಬಾಂಬರ್ 1947ರ ಮೇ 19ರಂದು ಮೊದಲ ಬಾರಿ ಹಾರಿತು. ಆಗಸ್ಟ್ 3ರಂದು ಮಾಸ್ಕೋದ ತುಷಿನೊ ವೈಮಾನಿಕ ಪ್ರದರ್ಶನದಲ್ಲಿ ಮೂರು ಬಾಂಬರ್‌ಗಳು ಬಂದಾಗ, ಅವು ಇಳಿದಿದ್ದ ಅದೇ ಮೂರು ಎಂದುಕೊಳ್ಳಲು ಅವಕಾಶವಿತ್ತು. ಅದೇ ಕುಲದ ಪ್ರಯಾಣಿಕ ವಿಮಾನ ಟಿಯು-70 ನಾಲ್ಕನೆಯದಾಗಿ ಬಂದು ಆ ಅನುಮಾನ ಕಳೆಯಿತು.

ಈ ಲೆಕ್ಕಗಾರಿಕೆ ಟುಪೊಲೆವ್‌ಗೆ ಹೊಸದಲ್ಲ. ಪೂರ್ತಿ ಲೋಹದ ಮೊದಲ ಸೋವಿಯತ್ ವಿಮಾನ ಎಎನ್‌ಟಿ-2 (1924) ಅವರದ್ದೇ. 1937ರ ಅಕ್ಟೋಬರಿನಲ್ಲಿ ಬಂಧಿತರಾಗಿ, ಕೈದಿ ಎಂಜಿನಿಯರುಗಳ ಕಚೇರಿಯಲ್ಲೇ ಕೂತು ಟಿಯು-2 ಬಾಂಬರ್ ರೂಪಿಸಿದ್ದರು, ಬಿಡುಗಡೆಯಾದದ್ದು 1941ರಲ್ಲಿ.

ಟಿಯು-4ರ ದುಂಡನೆಯ ಒಡಲಿನ ಅಳತೆ, ಸುಮಾರು 2.9 ಮೀಟರ್ ವ್ಯಾಸ, ಮುಂದೆ ಟಿಯು-95 ಬಾಂಬರ್‌ಗೆ, ಅಲ್ಲಿಂದ ನಮ್ಮ ನೌಕಾಪಡೆ 1988ರಿಂದ 2017ರವರೆಗೆ ಹಾರಿಸಿದ ಕಡಲ ಕಾವಲು ವಿಮಾನ ಟಿಯು-142ಕ್ಕೆ ಬಂತು. ಕಾರವಾರದ ಕಡಲತೀರದಲ್ಲಿ ಈಗ ಅಂಥದ್ದೊಂದು ನಿಂತಿದೆ. ರೆಕ್ಕೆ, ಪ್ರೊಪೆಲರ್‌ಗಳನ್ನು ಎಲ್ಲರೂ ನೋಡುತ್ತಾರೆ. ಒಡಲಿನ ದುಂಡನ್ನೂ ಒಮ್ಮೆ ನೋಡಿ, ಆ ಅಳತೆ ಬೋಯಿಂಗಿನದು.