ಮನೆಯಲ್ಲೇ ಕೂತು ಕೌನ್ಸೆಲಿಂಗ್ ಎಂ.ಎ. ಮಾಡಬಹುದಾ?

ಪ್ರಶ್ನೆ: ಮೇಡಂ, ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ನಾನು ಬಿ.ಎ. ಮುಗಿಸಿ ಒಂಬತ್ತು ವರ್ಷ ಆಯಿತು. ಇಬ್ಬರು ಮಕ್ಕಳು, ಊರು ಬಿಟ್ಟು ಹೋಗಿ ಓದೋಕೆ ಆಗಲ್ಲ. ನೆಂಟರು, ಅಕ್ಕಪಕ್ಕದವರು ಎಲ್ಲರೂ ಕಷ್ಟ ಹೇಳಿಕೊಳ್ಳೋಕೆ ನನ್ನ ಹತ್ತಿರವೇ ಬರುತ್ತಾರೆ. ಆನ್‌ಲೈನ್‌ನಲ್ಲಿ ಕೌನ್ಸೆಲಿಂಗ್ ಎಂ.ಎ. ಮಾಡಿಕೊಂಡು ಹಾಸನದಲ್ಲಿ ಒಂದು ಸೆಂಟರ್ ತೆರೆಯಬಹುದಾ?

ಉತ್ತರ: ಈ ಪ್ರಶ್ನೆ ತಿಂಗಳಿಗೆ ನಾಲ್ಕೈದು ಸಲವಾದರೂ ಬರುತ್ತದೆ. ಅರಸೀಕೆರೆಯಿಂದ, ಕಡೂರಿನಿಂದ, ಮೂಡಿಗೆರೆಯಿಂದ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ಮೊದಲು ನೇರ ಉತ್ತರ. ನಮ್ಮ ದೇಶದ ವಿಶ್ವವಿದ್ಯಾಲಯಗಳಲ್ಲಿ ಈ ಓದಿಗೆ ಆನ್‌ಲೈನ್‌ನಲ್ಲಿ ಹೊಸದಾಗಿ ಸೇರುವ ಹಾಗಿಲ್ಲ. 2025ರ ಆಗಸ್ಟ್‌ನಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ, ಇದನ್ನು ನಿಲ್ಲಿಸಿತು. ಆರೋಗ್ಯಕ್ಕೆ ಸಂಬಂಧಿಸಿದ ವೃತ್ತಿಗಳಿಗಾಗಿ 2021ರಲ್ಲಿ ಒಂದು ಕಾಯ್ದೆ ಬಂತು. ಅದರ ಕೆಳಗೆ ಬರುವ ವಿಷಯಗಳನ್ನು 2025ರ ಜುಲೈ-ಆಗಸ್ಟ್ ಸಾಲಿನಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸುವಂತಿಲ್ಲ ಎಂದಿತು. ಆ ಪಟ್ಟಿಯಲ್ಲಿ ಮನಃಶಾಸ್ತ್ರದ ಹೆಸರು ಸ್ಪಷ್ಟವಾಗಿಯೇ ಇದೆ, ಕೌನ್ಸೆಲಿಂಗ್ ಅದರದೇ ಒಂದು ಭಾಗ. ಇದು ಹೊಸ ದಾಖಲಾತಿಗೆ ಹಾಕಿದ ತಡೆ. ಅದಕ್ಕೂ ಮೊದಲು ಸರಿಯಾಗಿ ಸೇರಿ ಓದುತ್ತಿದ್ದವರು ಗಾಬರಿಯಾಗಬೇಕಿಲ್ಲ. ಆದರೆ "ಹಳೇ ವರ್ಷದ ದಾಖಲಾತಿ ತೋರಿಸಿ ಸೇರಿಸಿಕೊಳ್ಳುತ್ತೇವೆ, ದುಡ್ಡು ಕಟ್ಟಿ" ಅಂತ ಯಾರಾದರೂ ಫೋನ್ ಮಾಡಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಯಾವ ವಿಶ್ವವಿದ್ಯಾಲಯಕ್ಕೆ ಯಾವ ಕೋರ್ಸ್‌ಗೆ ಅನುಮತಿ ಇದೆ ಅನ್ನುವುದು ಯುಜಿಸಿಯ ದೂರಶಿಕ್ಷಣ ಬ್ಯೂರೋದ ವೆಬ್‌ಸೈಟಿನಲ್ಲಿ ಇರುತ್ತದೆ. ಅಲ್ಲಿ ನೋಡದೆ ಯಾವ ಆನ್‌ಲೈನ್ ಕೋರ್ಸ್‌ಗೂ ಸೇರಬೇಡಿ.

ಇಷ್ಟು ಹೇಳಿದ ಕೂಡಲೇ ಎಲ್ಲರೂ ಒಂದೇ ಮಾತು ಹೇಳುತ್ತಾರೆ. "ಅನ್ಯಾಯ ಅಲ್ವಾ ಮೇಡಂ? ಕೌನ್ಸೆಲಿಂಗ್ ಅಂದರೆ ಮಾತಾಡೋದು ತಾನೇ? ಅದಕ್ಕೆ ಕಾಲೇಜಿಗೆ ಯಾಕೆ ಹೋಗಬೇಕು?"

ಈ ಮಾತಿಗೇ ನಾನು ಜಾಸ್ತಿ ಹೊತ್ತು ಉತ್ತರ ಕೊಡಬೇಕು. ನಿಮ್ಮ ಪ್ರಶ್ನೆಯಲ್ಲೂ ಇದೇ ಇದೆ. ಎಲ್ಲರೂ ಕಷ್ಟ ಹೇಳಿಕೊಳ್ಳೋಕೆ ನಿಮ್ಮ ಹತ್ತಿರ ಬರುತ್ತಾರೆ ಎಂದಿರಿ. ಅದು ಒಳ್ಳೆಯ ಗುಣ, ಎಲ್ಲರಿಗೂ ಬರುವುದಿಲ್ಲ. ಆದರೆ ಅವರು ಬಂದಾಗ ನೀವು ಏನು ಮಾಡುತ್ತೀರಿ? ಸಮಾಧಾನ ಹೇಳುತ್ತೀರಿ. ಧೈರ್ಯ ತುಂಬುತ್ತೀರಿ. "ಅತ್ತೆ ಹತ್ತಿರ ಹೀಗೆ ಮಾತಾಡು" ಅಂತ ದಾರಿ ತೋರಿಸುತ್ತೀರಿ. ಅದು ಬುದ್ಧಿಮಾತು. ಮನೆಯ ಹಿರಿಯರು, ಮೇಷ್ಟ್ರು, ಮಠದ ಸ್ವಾಮಿಗಳು ಎಲ್ಲರೂ ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ. ಅದಕ್ಕೆ ಬೆಲೆ ಇದೆ. ಆದರೆ ಅದು ಕೌನ್ಸೆಲಿಂಗ್ ಅಲ್ಲ.

ನನ್ನದೇ ಅನುಭವ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನಾನು ಕೌನ್ಸೆಲಿಂಗ್ ಇನ್ನೂ ಕಲಿಯುತ್ತಿದ್ದಾಗ ಮಲೆನಾಡಿನ ಕಡೆಯ ಒಬ್ಬ ಬೆಳೆಗಾರರು ಬಂದರು. ಮಳೆ ಜಾಸ್ತಿಯಾಗಿ ಕಾಫಿ ಕಾಯಿ ಉದುರಿತ್ತು, ಮೆಣಸಿನ ಬಳ್ಳಿ ಕೊಳೆತಿತ್ತು, ಸೊಸೈಟಿ ಸಾಲ ಬೆಳೆದಿತ್ತು. "ಬೆಳಗ್ಗೆ ಏಳೋಕೇ ಮನಸ್ಸಾಗಲ್ಲ ಮೇಡಂ. ಎಲ್ಲ ಮುಗಿದ ಹಾಗೆ ಅನ್ನಿಸ್ತದೆ" ಎಂದರು. ನಾನು ತಕ್ಷಣ, "ಹಾಗೆಲ್ಲ ಅನ್ನಬಾರದು, ಮಕ್ಕಳ ಮುಖ ನೋಡಿ ಧೈರ್ಯ ತಂದುಕೊಳ್ಳಿ" ಎಂದೆ. ಅವರು "ಹೌದು ಮೇಡಂ" ಎಂದು ಸುಮ್ಮನಾದರು. ನನಗೋ ಚೆನ್ನಾಗಿ ಮಾತಾಡಿದೆ ಅನ್ನುವ ಸಮಾಧಾನ.

ಅವರ ಒಪ್ಪಿಗೆ ಪಡೆದು ಆ ಮಾತುಕತೆಯನ್ನು ರೆಕಾರ್ಡ್ ಮಾಡಿದ್ದೆ. ನನ್ನ ಕೆಲಸ ನೋಡಿ ತಿದ್ದುತ್ತಿದ್ದ ಸೂಪರ್‌ವೈಸರ್ ಅದನ್ನು ಕೇಳುತ್ತಾ ಸರಿಯಾಗಿ ಅದೇ ಜಾಗದಲ್ಲಿ ನಿಲ್ಲಿಸಿ ಕೇಳಿದರು: "ಮುಗಿದ ಹಾಗೆ ಅಂದರೇನು ಅಂತ ಯಾಕೆ ಕೇಳಲಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮನುಷ್ಯ ಸಾಯುವ ಯೋಚನೆಯ ಬಾಗಿಲನ್ನು ಸ್ವಲ್ಪ ತೆರೆದು ತೋರಿಸಿದ್ದರು. ನಾನು ಧೈರ್ಯದ ಮಾತು ಹೇಳಿ ಆ ಬಾಗಿಲನ್ನು ಮುಚ್ಚಿದ್ದೆ. ಯಾಕೆಂದರೆ ಆ ಮಾತು ಕೇಳಿ ಹೆದರಿದವಳು ನಾನು. ಅವತ್ತೇ ಸಂಜೆ ಸೂಪರ್‌ವೈಸರ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರಿಗೆ ಫೋನ್ ಮಾಡಿಸಿದರು. "ಸಾಯಬೇಕು ಅನ್ನಿಸಿದೆಯಾ?" ಅಂತ ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಅತ್ತರು. ನಿಜವಾದ ಮಾತು ಶುರುವಾಗಿದ್ದು ಅಲ್ಲಿಂದ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಬರುವುದಿಲ್ಲ. ಕೇಳುವವರು ಒಬ್ಬರು ಸಿಕ್ಕರಲ್ಲ ಅಂತ ಎದೆ ಹಗುರವಾಗುತ್ತದೆ.

ಈಗ ಹೇಳಿ, ವಿಡಿಯೊ ಪಾಠ ನೋಡಿ, ಪರೀಕ್ಷೆ ಬರೆದು ಪಾಸಾಗಿದ್ದರೆ ಈ ತಪ್ಪು ನನಗೆ ಯಾವತ್ತಾದರೂ ಗೊತ್ತಾಗುತ್ತಿತ್ತಾ? ಥಿಯರಿಯನ್ನು ಆನ್‌ಲೈನ್‌ನಲ್ಲಿ ಕಲಿಯಬಹುದು, ಚೆನ್ನಾಗಿಯೇ ಕಲಿಯಬಹುದು. ಖಿನ್ನತೆಯ ಲಕ್ಷಣ, ಆತಂಕದ ಬಗೆಗಳು, ಮಗುವಿನ ಮನಸ್ಸು ಬೆಳೆಯುವ ರೀತಿ, ಎಲ್ಲವೂ ಪುಸ್ತಕದಲ್ಲಿದೆ. ಆದರೆ ಎದುರಿಗಿರುವವರು ಸುಮ್ಮನಾದಾಗ ನಾವೂ ಸುಮ್ಮನಿರೋದು ಪುಸ್ತಕದಿಂದ ಬರುವುದಿಲ್ಲ. ನಾವು ಮಾಡುವುದನ್ನು ಇನ್ನೊಬ್ಬರು ನೋಡಬೇಕು, ತಿದ್ದಬೇಕು. ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940ರ ದಶಕದಲ್ಲೇ ಮಾತುಕತೆಗಳನ್ನು ರೆಕಾರ್ಡ್ ಮಾಡಿ, ಮತ್ತೆ ಕೇಳಿ ಕಲಿಸುತ್ತಿದ್ದರು. ಈಜು ಕಲಿಯೋಕೆ ಕೆರೆಗೇ ಇಳಿಯಬೇಕು, ದಡದಲ್ಲಿ ಗೊತ್ತಿರುವವರು ನಿಂತಿರಬೇಕು. ಇದೂ ಹಾಗೇ.

"ಅಮೆರಿಕದಲ್ಲಿ ಇದನ್ನು ಆನ್‌ಲೈನ್‌ನಲ್ಲೇ ಮಾಡುತ್ತಾರಲ್ಲ" ಅಂತ ಕೇಳುವವರಿಗೂ ಇದೇ ಉತ್ತರ. ಹೌದು, ಅಲ್ಲಿ ಮಾನ್ಯತೆ ಇರುವ ಆನ್‌ಲೈನ್ ಕೋರ್ಸ್‌ಗಳಿವೆ. ಆದರೆ ಅಲ್ಲಿನ ಕೌನ್ಸೆಲಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಕ್ಯಾಕ್ರೆಪ್ ಸಂಸ್ಥೆಯ ನಿಯಮ ನೋಡಿ. ಮೊದಲು 100 ಗಂಟೆ ಪ್ರಾಕ್ಟಿಕಮ್, ಅಂದರೆ ಮೊದಲ ಹಂತದ ಅಭ್ಯಾಸ, ಅದರಲ್ಲಿ 40 ಗಂಟೆ ನೇರವಾಗಿ ಜನರ ಜೊತೆ. ಆಮೇಲೆ 600 ಗಂಟೆ ಇಂಟರ್ನ್‌ಶಿಪ್, ಅದರಲ್ಲಿ 240 ಗಂಟೆ ಜನರ ಜೊತೆ. ಇಷ್ಟಕ್ಕೂ ಮೇಲ್ವಿಚಾರಕರು ಬೇಕು. ಆನ್‌ಲೈನ್ ಆಗಿದ್ದು ಪಾಠ ಮಾತ್ರ. ಡಿಗ್ರಿ ಆದ ಮೇಲೂ ಅಲ್ಲಿನ ರಾಜ್ಯಗಳು ಪರೀಕ್ಷೆ ಇಟ್ಟು, ಸಾವಿರಾರು ಗಂಟೆ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿಸಿ, ನಂತರ ಲೈಸೆನ್ಸ್ ಕೊಡುತ್ತವೆ. ಆ ಲೈಸೆನ್ಸ್ ಕೂಡ ಅಲ್ಲಿಗೆ ಮಾತ್ರ, ಹಾಸನಕ್ಕಲ್ಲ.

ಇನ್ನು ಸೆಂಟರ್ ಬಾಗಿಲಿಗೆ ಹಾಕುವ ಬೋರ್ಡಿನ ವಿಷಯ, ಚುಟುಕಾಗಿ. ಸಾಮಾನ್ಯ ಎಂ.ಎ. ಸೈಕಾಲಜಿ ಓದಿದವರು "ಕ್ಲಿನಿಕಲ್ ಸೈಕಾಲಜಿಸ್ಟ್" ಅಂತ ಹಾಕಿಕೊಳ್ಳುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಓದು ಮತ್ತು ಅಲ್ಲಿನ ನೋಂದಣಿ ಬೇಕು. ಮಾತ್ರೆ ಬರೆಯುವವರು ಮನೋವೈದ್ಯರು, ಅವರು ಎಂ.ಬಿ.ಬಿ.ಎಸ್. ಮುಗಿಸಿ ಮುಂದೆ ಓದಿದ ಡಾಕ್ಟರು. "ಕೌನ್ಸೆಲರ್" ಅನ್ನುವ ಪದಕ್ಕೆ ಮಾತ್ರ ಇಷ್ಟು ದಿನ ಯಾವ ಬೇಲಿಯೂ ಇರಲಿಲ್ಲ. ಮೂರು ದಿನದ ಸರ್ಟಿಫಿಕೇಟ್ ಹಿಡಿದವರೂ ಬೋರ್ಡ್ ಹಾಕಿದರು. ಆ ಬೇಲಿ ಹಾಕೋಕೆ ಹೊರಟಿರುವುದೇ 2021ರ ಕಾಯ್ದೆ. ಅದಕ್ಕೇ ಆನ್‌ಲೈನ್ ನಿಲ್ಲಿಸಿದ್ದು ನನಗೆ ಅನ್ಯಾಯ ಅನ್ನಿಸುವುದಿಲ್ಲ. ನಿಮ್ಮಂಥವರಿಗೆ ಕಷ್ಟವಾಯಿತು, ಅದು ನಿಜ. ಹತ್ತಿರದಲ್ಲಿ ಒಳ್ಳೆಯ ಕಾಲೇಜು ಕೊಡದೆ ಬಾಗಿಲು ಮಾತ್ರ ಮುಚ್ಚಿದರೆ ಹಳ್ಳಿಯ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು ಅನ್ನುವ ಸಂಕಟ ನನಗೂ ಇದೆ.

ಹಾಗಾದರೆ ನೀವೇನು ಮಾಡಬಹುದು? ನನ್ನನ್ನು ಕೇಳಿದರೆ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಓದು, ನೋಡಿ. ಎರಡು ವರ್ಷದ ರೆಗ್ಯುಲರ್ ಓದು. ಫೀಲ್ಡ್ ವರ್ಕ್ ಕಡ್ಡಾಯ, ಅದರ ಜೊತೆಗೆ ಮೇಲ್ವಿಚಾರಣೆಯೂ ಸಿಗುತ್ತದೆ. ಮನಃಶಾಸ್ತ್ರವೇ ಬೇಕು ಅಂದರೆ ರೆಗ್ಯುಲರ್ ಎಂ.ಎ. ಅಥವಾ ಎಂ.ಎಸ್ಸಿ. ಮಾಡಬೇಕು. ಅದಕ್ಕೆ ಡಿಗ್ರಿಯಲ್ಲಿ ಯಾವ ವಿಷಯ ಓದಿರಬೇಕು ಅಂತ ಮೊದಲೇ ಕೇಳಿಕೊಳ್ಳಿ. ಕಿರಿಯ ಮಗು ಶಾಲೆಗೆ ಸೇರುವವರೆಗೆ ಕಾಯಬೇಕಾದರೆ ಕಾಯಿರಿ, ತಡವೇನೂ ಆಗಿಲ್ಲ. ನನ್ನ ಜೊತೆ ಓದಿದವರಲ್ಲಿ ಮಗಳು ಪಿಯುಸಿಗೆ ಸೇರಿದ ಮೇಲೆ ಓದೋಕೆ ಬಂದ ಒಬ್ಬರಿದ್ದರು. ನಮ್ಮೆಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದವರು ಅವರೇ. ಅಲ್ಲಿಯವರೆಗೆ ನಿಮ್ಮ ಹತ್ತಿರ ಬರುವವರಲ್ಲಿ ಯಾರಾದರೂ ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗಲಾದರೂ ಸರಿ.

ನೀವು ಕೇಳದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಸುತ್ತುತ್ತಿದೆ. ಓದಿ ಮುಗಿಸಿ ಇದೇ ಊರಲ್ಲಿ ಕೂತಿರಿ ಅಂದುಕೊಳ್ಳಿ. ನಿಮ್ಮ ಎದುರು ಬಂದು ಕೂರುವವರು ಯಾರು? ನಾದಿನಿಯ ಓರಗಿತ್ತಿ. ಮಗನ ಕ್ಲಾಸ್ ಟೀಚರ್. ಬೆಂಗಳೂರಿನಲ್ಲಿ ಕೌನ್ಸೆಲರ್ ಬಾಗಿಲಿಂದ ಹೊರಗೆ ಹೋದವರು ಜನರಲ್ಲಿ ಕಳೆದುಹೋಗುತ್ತಾರೆ. ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಅದು ಆಗದ ಮಾತು. ನಿಮ್ಮ ಬಾಗಿಲಲ್ಲಿ ಯಾರ ಸ್ಕೂಟರ್ ನಿಂತಿದೆ ಅಂತ ಎದುರು ಅಂಗಡಿಯವರಿಗೆ ಗೊತ್ತು.

2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆ ಪಡೆಯುವವರಿಗೆ ಗುಟ್ಟಿನ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಬಿಟ್ಟರೆ ಹೊರಗೆ ಹೇಳುವಂತಿಲ್ಲ. ಆದರೆ ಚಿಕ್ಕ ಊರಲ್ಲಿ ಬಾಯಿ ಮುಚ್ಚಿಕೊಂಡರೆ ಸಾಲದು, ಮುಖವನ್ನೂ ಕಾಯ್ದುಕೊಳ್ಳಬೇಕು. ತೀರಾ ಹತ್ತಿರದ ನೆಂಟರನ್ನು ನಾನು ತೆಗೆದುಕೊಳ್ಳುವುದಿಲ್ಲ, ಬೇರೆಯವರ ಹತ್ತಿರ ಕಳಿಸುತ್ತೇನೆ. ಉಳಿದವರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ: "ಹೊರಗೆ ಎಲ್ಲಾದರೂ ಸಿಕ್ಕರೆ ನಾನಾಗಿ ಮಾತಾಡಿಸಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನೀವು ಮಾತಾಡಿಸಿದರೆ ನಾನೂ ಮಾತಾಡುತ್ತೇನೆ." ಹೋದ ವಾರ ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಅಂಥ ಒಬ್ಬರು ಸೊಪ್ಪು ಆರಿಸುತ್ತಾ ಪಕ್ಕದಲ್ಲೇ ನಿಂತಿದ್ದರು, ಜೊತೆಯಲ್ಲಿ ಅವರ ಅತ್ತೆ. ನಾನು ನನ್ನ ಪಾಡಿಗೆ ದಂಟಿನ ಕಟ್ಟು ತೆಗೆದುಕೊಂಡು ಮುಂದೆ ಹೋದೆ.