ಸ್ಪ್ರಿಂಟರ್ ಕಟ್ಟೆ ಹತ್ತಿದ ಮೇಲೆ

ಹಾಸನದಲ್ಲಿ ಕೋಚ್ ಆಗಿ ಕೆಲಸ ಆರಂಭಿಸಿದ ಮೊದಲ ವಾರ, ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಕೊಳದ ಕಟ್ಟೆಯ ಮೇಲಿನಿಂದ ‘ನೀರು ಹಿಡಿಯಪ್ಪಾ, ನೀರು ಹಿಡಿ’ ಎಂದು ಒಂದೇ ಸಮನೆ ಕೂಗುತ್ತಿದ್ದೆ. ಹುಡುಗ ವಿಧೇಯ, ಎರಡೂ ಕೈಗಳ ಮುಷ್ಟಿ ಬಿಗಿದು ಈಜತೊಡಗಿದ. ಮೊದಲೇ ನಿಧಾನವಾಗಿದ್ದವನು ಇನ್ನಷ್ಟು ನಿಧಾನವಾದ. ‘ಮುಷ್ಟಿ ಯಾಕೋ ಕಟ್ಟಿದೆ?’ ಎಂದು ಗದರಿದರೆ, ‘ಹಿಡೀರಿ ಅಂದ್ರಲ್ಲ ಸರ್’ ಎಂದ. ತಪ್ಪು ಅವನದಾಗಿರಲಿಲ್ಲ. ಐವತ್ತು ಮೀಟರ್ ಫ್ರೀಸ್ಟೈಲ್‌ನಲ್ಲಿ ರಾಜ್ಯ ಮಟ್ಟದವರೆಗೆ ಈಜಿದ ನನಗೆ ನೀರು ಹಿಡಿಯುವುದೆಂದರೆ ಏನೆಂದು ತೋಳಿಗೆ ಗೊತ್ತಿತ್ತೇ ಹೊರತು ನಾಲಿಗೆಗೆ ಗೊತ್ತಿರಲಿಲ್ಲ.

ವೇಗದ ಈಜಿನಲ್ಲಿ ಹೆಸರು ಮಾಡಿದವರು ತರಬೇತಿಗೆ ಇಳಿದಾಗ ಎದುರಾಗುವ ಮೊದಲ ತೊಡಕು ಇದೇ. ಐವತ್ತು ಮೀಟರಿನ ಸ್ಪರ್ಧೆಯಲ್ಲಿ ಯೋಚಿಸಲು ಪುರುಸೊತ್ತಿಲ್ಲ. ಒಂದು ಕೈ ಬೀಸಿ ಇನ್ನೊಂದು ಕೈ ನೀರಿಗೆ ಬೀಳುವಷ್ಟರಲ್ಲಿ ಅರ್ಧ ಸೆಕೆಂಡೂ ಕಳೆದಿರುವುದಿಲ್ಲ, ಆದ್ದರಿಂದ ಒಳ್ಳೆಯ ಸ್ಪ್ರಿಂಟರ್ ತಾನು ಏನು ಮಾಡುತ್ತಿದ್ದೇನೆಂದು ತನ್ನನ್ನೇ ಕೇಳಿಕೊಳ್ಳದಂತೆ ವರ್ಷಗಟ್ಟಲೆ ದೇಹವನ್ನು ಪಳಗಿಸಿರುತ್ತಾನೆ. ನೀರಿನಲ್ಲಿ ಅವನಿಗೆ ಬಲವಾಗಿದ್ದ ಈ ಗುಣವೇ ಕಟ್ಟೆಯ ಮೇಲೆ ಕೊರತೆಯಾಗುತ್ತದೆ. ಮಧ್ಯಮ ದರ್ಜೆಯ ಈಜುಗಾರರು ಎಷ್ಟೋ ಸಲ ಒಳ್ಳೆಯ ಕೋಚ್ ಆಗುವುದು ಇದಕ್ಕೇ ಎಂದು ನನ್ನ ಅನಿಸಿಕೆ. ಪ್ರತಿಯೊಂದನ್ನೂ ಅವರು ಕಷ್ಟಪಟ್ಟು, ತಿಳಿದುಕೊಂಡೇ ಕಲಿತಿರುತ್ತಾರೆ.

ಆ ಹುಡುಗನಿಗೆ ಕೊನೆಗೆ ನಾನು ಹೇಳಿದ್ದು ಬೇರೆ ಮಾತು. ಕೊಳದಿಂದ ಮೇಲೇರುವಾಗ ಕಟ್ಟೆಗೆ ಅಂಗೈ ಊರಿ ಮೈಯನ್ನು ಎತ್ತುತ್ತೀಯಲ್ಲ, ಆಗ ನಿನ್ನ ಮೊಣಕೈ ಎಲ್ಲಿರುತ್ತದೆ ನೋಡು ಎಂದೆ. ನಾಲ್ಕು ಸಲ ಹತ್ತಿ ಇಳಿದ ಮೇಲೆ ಮೊಣಕೈ ಮೇಲೆ, ಅಂಗೈ ಕೆಳಗೆ ಎಂಬುದು ಅವನಿಗೇ ಕಾಣಿಸಿತು. ಅದೇ ಭಂಗಿಯನ್ನು ನೀರಿನಲ್ಲಿ ಮಲಗಿಸಿದರೆ ಅಂಗೈಯೂ ಮುಂಗೈಯೂ ಸೇರಿ ದೋಣಿಯ ಹುಟ್ಟಿನಂತಾಗಿ, ನೀರನ್ನು ಕೆಳಕ್ಕೆ ಅದುಮದೆ ಹಿಂದಕ್ಕೆ ತಳ್ಳುತ್ತವೆ. ನೀರು ಹಿಡಿಯುವುದೆಂದರೆ ಇದೇ. ತಮಾಷೆಯೆಂದರೆ, ಮುಷ್ಟಿ ಕಟ್ಟಿ ಈಜುವುದು ಈಜು ತರಬೇತಿಯಲ್ಲಿ ಬಹುಕಾಲದಿಂದ ಇರುವ ಅಭ್ಯಾಸವೇ. ಅಂಗೈಯ ನೆರವು ತಪ್ಪಿಸಿದಾಗ ಮುಂಗೈ ಕೆಲಸಕ್ಕೆ ಬರುವುದು ಅನುಭವಕ್ಕೆ ಸಿಗುತ್ತದೆ. ಈಗ ಅದನ್ನು ವಾರಕ್ಕೆರಡು ಸಲ ಎಲ್ಲರಿಂದಲೂ ಮಾಡಿಸುತ್ತೇನೆ.

ಸ್ಪ್ರಿಂಟರ್ ಕೋಚ್ ಆಗುವ ದಾರಿಯ ಬಗ್ಗೆ ಯಾರಾದರೂ ಕೇಳಿದರೆ ನಾನು ಜಾಂಟಿ ಸ್ಕಿನ್ನರ್ ಅವರ ಕಥೆ ಹೇಳುವುದುಂಟು. ದಕ್ಷಿಣ ಆಫ್ರಿಕಾದ ಈ ಈಜುಗಾರ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಡಾನ್ ಗ್ಯಾಂಬ್ರಿಲ್ ಅವರ ಕೈಕೆಳಗೆ ಅಭ್ಯಾಸ ಮಾಡುತ್ತಿದ್ದರು. ವರ್ಣಭೇದ ನೀತಿಯ ಕಾರಣಕ್ಕೆ ಅವರ ದೇಶವನ್ನು ಒಲಿಂಪಿಕ್ಸ್‌ನಿಂದ ಹೊರಗಿಟ್ಟಿದ್ದುದರಿಂದ 1976ರ ಮಾಂಟ್ರಿಯಲ್ ಕೂಟದ ಬಾಗಿಲು ಅವರಿಗೆ ತೆರೆಯಲಿಲ್ಲ. ಅಲ್ಲಿ ಜುಲೈ 25ರಂದು ಅಮೆರಿಕದ ಜಿಮ್ ಮಾಂಟ್ಗೊಮರಿ 100 ಮೀಟರ್ ಫ್ರೀಸ್ಟೈಲ್ ಅನ್ನು 49.99 ಸೆಕೆಂಡಿನಲ್ಲಿ ಮುಗಿಸಿ, 50 ಸೆಕೆಂಡಿನ ಗಡಿಯೊಳಗೆ ಬಂದ ಮೊದಲಿಗರಾದರು. ಇಪ್ಪತ್ತೇ ದಿನಗಳ ನಂತರ, ಆಗಸ್ಟ್ 14ರಂದು, ಫಿಲಡೆಲ್ಫಿಯಾದಲ್ಲಿ ಸ್ಕಿನ್ನರ್ ಅದೇ ದೂರವನ್ನು 49.44ರಲ್ಲಿ ಈಜಿದರು. ಸೆಕೆಂಡಿನ ಆ 55 ನೂರನೇ ಭಾಗವೆಂದರೆ ಅವರ ವೇಗದಲ್ಲಿ ಒಂದು ಮೀಟರಿಗೂ ತುಸು ಹೆಚ್ಚಿನ ನೀರು. 1981ರಲ್ಲಿ ರೌಡಿ ಗೇನ್ಸ್ 49.36ರಲ್ಲಿ ಈಜುವವರೆಗೆ ಆ ದಾಖಲೆ ಅಳಿಯಲಿಲ್ಲ.

ಮುಂದೆ ಸ್ಕಿನ್ನರ್ ಅಲಬಾಮಾದಲ್ಲಿಯೇ ಕೋಚ್ ಆದರು, ಆ ಬಳಿಕ ಕೊಲೊರಾಡೋ ಸ್ಪ್ರಿಂಗ್ಸ್‌ನಲ್ಲಿ ಅಲ್ಲಿಯೇ ತಂಗಿ ಅಭ್ಯಾಸ ಮಾಡುವ ಅಮೆರಿಕ ತಂಡದ ಈಜುಗಾರರಿಗೆ ತರಬೇತಿ ಕೊಟ್ಟರು, ಅಲ್ಲಿಂದ ಮುಂದಕ್ಕೆ ಈಜಿನ ಅಳತೆ ಮತ್ತು ವಿಶ್ಲೇಷಣೆಯ ಕೆಲಸಕ್ಕೆ ಹೊರಳಿದರು. ನನ್ನನ್ನು ಹಿಡಿದು ನಿಲ್ಲಿಸುವುದು ಈ ಕೊನೆಯ ತಿರುವು. ಲೋಕದಲ್ಲಿ ಎಲ್ಲರಿಗಿಂತ ವೇಗವಾಗಿ ಈಜಿದ ಮನುಷ್ಯ ‘ನಾನು ಹೀಗೆ ಈಜಿದೆ, ನೀನೂ ಹೀಗೆ ಈಜು’ ಎಂಬಲ್ಲಿಗೆ ನಿಲ್ಲದೆ ಎಣಿಕೆಯ ಮೊರೆಹೋದರು. ನಮ್ಮ ರಾಜ್ಯದಲ್ಲಿಯೂ ಸ್ಪರ್ಧೆಯಿಂದ ಕಲಿಕೆಯ ಕಡೆಗೆ ಬಂದ ದೊಡ್ಡ ಹೆಸರುಗಳಿವೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ನಿಶಾ ಮಿಲ್ಲೆಟ್ ಬೆಂಗಳೂರಿನಲ್ಲಿ ಸ್ವಂತ ಈಜು ಶಾಲೆ ಕಟ್ಟಿದ್ದಾರೆ.

ಎಣಿಕೆಯೆಂದರೆ ದೊಡ್ಡ ಯಂತ್ರಗಳೇನೂ ಬೇಡ, ಸ್ಟಾಪ್‌ವಾಚ್ ಮತ್ತು ಒಂದು ನೋಟ್‌ಬುಕ್ ಸಾಕು. ಈಜುಗಾರನ ವೇಗವೆಂದರೆ ಕೈಯ ಒಂದು ಬೀಸಿಗೆ ಅವನು ಸಾಗುವ ದೂರ ಮತ್ತು ಸೆಕೆಂಡಿಗೆ ಅವನು ಹಾಕುವ ಬೀಸುಗಳು, ಇವೆರಡರ ಗುಣಲಬ್ಧ. ಸಕಲೇಶಪುರದ ಕಡೆಯ ಒಬ್ಬಳು ಹುಡುಗಿ 25 ಮೀಟರನ್ನು 24 ಬೀಸುಗಳಲ್ಲಿ, 16 ಸೆಕೆಂಡಿಗೆ ಮುಗಿಸುತ್ತಿದ್ದಳು. ‘ಬೇಗ ಬೇಗ ಬೀಸು’ ಎಂದು ನಾನು ಅವಸರಿಸಿದ ದಿನ ಬೀಸುಗಳು 29ಕ್ಕೆ ಏರಿದವು, ಸಮಯ ಮಾತ್ರ 16.2 ಆಯಿತು. ಹೆಚ್ಚಿದ ಐದು ಬೀಸುಗಳಲ್ಲಿ ಅವಳು ನೀರನ್ನು ಕಲಕಿದ್ದಳೇ ಹೊರತು ತಳ್ಳಿರಲಿಲ್ಲ. ಎರಡು ತಿಂಗಳು ಬೀಸಿನ ಉದ್ದವನ್ನೇ ತಿದ್ದಿ, 21ಕ್ಕೆ ಇಳಿಸಿ, ಆಮೇಲೆ ಮೆಲ್ಲನೆ ಲಯ ಏರಿಸಿದಾಗ ಅವಳು 15 ಸೆಕೆಂಡಿನ ಒಳಗೆ ಬಂದಳು. ನೋಟ್‌ಬುಕ್ ಇಲ್ಲದಿದ್ದರೆ ಆ ಹುಡುಗಿಗೆ ಶಕ್ತಿ ಸಾಲದೆಂದು ಷರಾ ಬರೆದು ಸುಮ್ಮನಾಗುತ್ತಿದ್ದೆನೇನೋ.

ಪೋಷಕರೊಂದಿಗೆ ನನಗೆ ಅತಿ ಹೆಚ್ಚು ವಾದವಾಗುವುದು ವಿಶ್ರಾಂತಿಯ ವಿಷಯದಲ್ಲಿ. ಹದಿನೈದು ಮೀಟರ್ ಪೂರ್ಣ ವೇಗದಲ್ಲಿ ಈಜಿದ ಮಗು ಮೂರು ನಿಮಿಷ ಗೋಡೆ ಹಿಡಿದು ನಿಂತರೆ, ಗ್ಯಾಲರಿಯಲ್ಲಿ ಕುಳಿತ ತಂದೆಗೆ ಕಸಿವಿಸಿ. ‘ಏನ್ ಸಾರ್, ನಿಂತ್ಕೊಳ್ಳೋಕೆ ಫೀಸ್ ಕಟ್ಟಿದೀವಾ?’ ಎಂದು ಒಬ್ಬರು ನೇರವಾಗಿಯೇ ಕೇಳಿದ್ದರು. ಸ್ನಾಯುಗಳಲ್ಲಿ ತಕ್ಷಣದ ಬಳಕೆಗೆಂದು ಕೂಡಿಟ್ಟ ಫಾಸ್ಫೇಟ್ ಶಕ್ತಿ ಹತ್ತು ಸೆಕೆಂಡಿನ ಆಸುಪಾಸಿಗೆ ಮುಗಿಯುತ್ತದೆ. ಅದು ಬಹುಪಾಲು ಮರಳಿ ತುಂಬಿಕೊಳ್ಳಲು ಕೆಲವು ನಿಮಿಷಗಳೇ ಬೇಕು. ಅರ್ಧ ನಿಮಿಷಕ್ಕೆ ಮತ್ತೆ ತಳ್ಳಿದರೆ ಮಗು ಈಜುವುದೇನೋ ಹೌದು, ಆದರೆ ಕಲಿಯುವುದು ಪೂರ್ಣ ವೇಗವನ್ನಲ್ಲ, ದಣಿದ ದೇಹದ ನಿಧಾನವನ್ನು. ನನ್ನ ಹದಿಹರೆಯದಲ್ಲಿ ಕೋಚ್ ಒಬ್ಬರು ಐವತ್ತು ಮೀಟರಿನ ಸ್ಪರ್ಧಿಯಾದ ನನ್ನಿಂದ ಬೆಳಿಗ್ಗೆಯೂ ಸಂಜೆಯೂ ಕಿಲೋಮೀಟರುಗಟ್ಟಲೆ ಒಂದೇ ಗತಿಯಲ್ಲಿ ಈಜಿಸಿದರು. ಎರಡು ವರ್ಷ ನನ್ನ ಸಮಯ ಸೆಕೆಂಡಿನ ಒಂದು ಹತ್ತನೇ ಭಾಗವೂ ಇಳಿಯಲಿಲ್ಲ. ಅವರ ಉದ್ದೇಶ ಕೆಟ್ಟದ್ದಲ್ಲ. ಆ ಎರಡು ವರ್ಷದ ಬೇಸರ ನನಗೆ ಇಂದಿಗೂ ಇದೆ.

ನೀರಿನ ಎಳೆತದ ಲೆಕ್ಕವೂ ಇದರ ಜೊತೆಗೇ ಬರುತ್ತದೆ. ವೇಗ ಇಮ್ಮಡಿಯಾದರೆ ನೀರು ಒಡ್ಡುವ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ತಲೆ ಎತ್ತಿ ಈಜುವ, ಸೊಂಟ ಮುಳುಗಿಸಿಕೊಳ್ಳುವ ದೋಷಗಳು ನಿಧಾನವಾಗಿ ಈಜುವವನಿಗೆ ಸಹ್ಯ, ಸ್ಪ್ರಿಂಟರಿಗೆ ದುಬಾರಿ. ಇಡೀ ಸ್ಪರ್ಧೆಯಲ್ಲಿ ದೇಹ ಅತಿ ವೇಗವಾಗಿರುವುದು ಕಟ್ಟೆಯ ಮೇಲಿನ ಆರಂಭದ ಬ್ಲಾಕಿನಿಂದ ಜಿಗಿದು ನೀರು ಸೇರುವ ಕ್ಷಣದಲ್ಲಿ. ಅಲ್ಲಿಂದ ಮುಂದಿನ ಕೌಶಲವೆಲ್ಲ ಆ ವೇಗವನ್ನು ಆದಷ್ಟು ಕಡಿಮೆ ಕಳೆದುಕೊಳ್ಳುವುದು. ಫ್ರೀಸ್ಟೈಲ್‌ನಲ್ಲಿ 15 ಮೀಟರ್ ತಲುಪುವುದರೊಳಗೆ ತಲೆ ನೀರಿನಿಂದ ಹೊರಬರಲೇಬೇಕೆಂಬುದು ನಿಯಮ. ಅಲ್ಲಿಯವರೆಗಿನ ಜಾರುವಿಕೆಯನ್ನು ತಿದ್ದಲು ನಾನು ವ್ಯಯಿಸುವ ಸಮಯ ಕಂಡರೆ ಮಕ್ಕಳಿಗೆ ಬೇಸರ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಆಂಥನಿ ಅರ್ವಿನ್ 50 ಮೀಟರ್ ಫ್ರೀಸ್ಟೈಲ್ ಅನ್ನು 21.40 ಸೆಕೆಂಡಿನಲ್ಲಿ ಈಜಿ ಚಿನ್ನ ಗೆದ್ದಾಗ ಎರಡನೆಯವರ ಸಮಯ 21.41 ಆಗಿತ್ತೆಂದೂ, ಆ ಅಂತರ ಹೆಬ್ಬೆರಳಿನ ಅಗಲದಷ್ಟೇ ಎಂದೂ ಹೇಳಿದರೆ ತುಸು ಕಿವಿಗೊಡುತ್ತಾರೆ. ಅಂದಹಾಗೆ ಅರ್ವಿನ್ 2000ದಲ್ಲಿಯೇ ಇದೇ ಚಿನ್ನವನ್ನು ಗ್ಯಾರಿ ಹಾಲ್ ಜೂನಿಯರ್ ಜೊತೆ ಹಂಚಿಕೊಂಡವರು. ನಡುವೆ ಸ್ಪರ್ಧೆ ಬಿಟ್ಟಿದ್ದ ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳಿಗೆ ಈಜು ಕಲಿಸಿ, ಮರಳಿ ಬಂದು 35ನೆಯ ವಯಸ್ಸಿನಲ್ಲಿ ಮತ್ತೆ ಗೆದ್ದರು.

ಉಸಿರಿನ ವಿಷಯದಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಉನ್ನತ ಮಟ್ಟದ ಸ್ಪ್ರಿಂಟರುಗಳು ಐವತ್ತು ಮೀಟರನ್ನು ಒಂದೆರಡು ಉಸಿರಿನಲ್ಲಿ, ಕೆಲವರು ಉಸಿರೇ ತೆಗೆಯದೆ ಈಜುತ್ತಾರೆ. ಇದನ್ನು ಕಂಡ ಹುಡುಗರು ಊರಿಗೆ ಹೋದಾಗ ಕೆರೆಯಲ್ಲೋ ತೋಟದ ಹೊಂಡದಲ್ಲೋ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆಂದು ಪಂದ್ಯ ಕಟ್ಟುತ್ತಾರೆ, ಅದಕ್ಕೆ ಮುನ್ನ ಜೋರುಜೋರಾಗಿ ಉಸಿರಾಡುತ್ತಾರೆ. ಹಾಗೆ ಮಾಡಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ; ಉಸಿರು ಬೇಕೆಂದು ದೇಹ ಒತ್ತಾಯಿಸುವುದು ಮುಖ್ಯವಾಗಿ ಅದರ ಏರಿಕೆಯಿಂದ. ಒತ್ತಾಯ ಬರುವ ಮೊದಲೇ ಆಮ್ಲಜನಕ ಮುಗಿದು ಪ್ರಜ್ಞೆ ತಪ್ಪಬಹುದು, ಯಾವ ಮುನ್ಸೂಚನೆಯೂ ಇಲ್ಲದೆ. ಸೊಂಟಕ್ಕೆ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಯಲ್ಲಿ ಈಜು ಕಲಿತ ಹಿರಿಯರು ಮಲೆನಾಡಿನಲ್ಲಿ ಇನ್ನೂ ಇದ್ದಾರೆ. ಆ ಕಲಿಕೆಯಲ್ಲಿ ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರುತ್ತಿದ್ದರು ಎಂಬುದನ್ನು ಹುಡುಗರಿಗೆ ನೆನಪಿಸುತ್ತಿರುತ್ತೇನೆ.

ಇನ್ನು ನಮ್ಮ ಜಾಗದ ಕಷ್ಟಗಳು. ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿರುವ ಹಾಸನದಲ್ಲಿ ಡಿಸೆಂಬರಿನ ಬೆಳಗಿನ ಆರಕ್ಕೆ ತೆರೆದ ಕೊಳದ ನೀರಿಗಿಳಿದ ಮಗುವಿನಿಂದ ವೇಗ ನಿರೀಕ್ಷಿಸುವುದು ನ್ಯಾಯವಲ್ಲ. ತಣ್ಣಗಾದ ಸ್ನಾಯು ಬೇಗನೆ ಕುಗ್ಗಿ ಹಿಗ್ಗುವುದಿಲ್ಲ. ಆ ತಿಂಗಳುಗಳಲ್ಲಿ ಸ್ಪ್ರಿಂಟ್ ಅಭ್ಯಾಸವನ್ನು ಸಂಜೆಗೆ ಹಾಕಿ, ಬೆಳಿಗ್ಗೆ ನೆಲದ ಮೇಲೆ ಜಿಗಿತ ಮಾಡಿಸುತ್ತೇನೆ.

ಇದಕ್ಕಿಂತ ಕಠಿಣವಾದದ್ದು ಕೊಳದ ಉದ್ದ. ನನ್ನ ಮಕ್ಕಳು 25 ಮೀಟರಿನ ಕೊಳದಲ್ಲಿ ಬೆಳೆಯುತ್ತಾರೆ, ಸ್ಪರ್ಧೆಗೆ ಬೆಂಗಳೂರಿನ 50 ಮೀಟರಿನ ಕೊಳಕ್ಕೆ ಹೋಗುತ್ತಾರೆ, ಅಲ್ಲಿ ಸಮಯ ಹೆಚ್ಚಾದದ್ದನ್ನು ಕಂಡು ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಇಲ್ಲಿ ಅರ್ಧದಲ್ಲಿ ತಿರುಗಿ ಗೋಡೆಯನ್ನು ಒದ್ದಾಗ ಪುಕ್ಕಟೆಯಾಗಿ ಸಿಗುವ ವೇಗ ಅಲ್ಲಿ ಇಲ್ಲ, ಕೊನೆಯ ಹದಿನೈದು ಮೀಟರಿನಲ್ಲಿ ತೋಳು ಕಲ್ಲಾದಾಗ ಕಾಪಾಡಲು ಯಾವ ಗೋಡೆಯೂ ಬರುವುದಿಲ್ಲ. ಆ ಹದಿನೈದು ಮೀಟರನ್ನು ಈಜಿ ಸೋತವನಾದ್ದರಿಂದ ನನಗೆ ಅದರ ರುಚಿ ಗೊತ್ತು. ಹಾಗಾಗಿ ಈಗ ಮಕ್ಕಳನ್ನು ಕೊಳದ ನಟ್ಟನಡುವೆ ಅಂಗಾತ ತೇಲಲು ಬಿಟ್ಟು, ಸೀಟಿ ಊದಿದೊಡನೆ ಮಗುಚಿ, ಏನನ್ನೂ ಒದೆಯದೆ, ಗೋಡೆಯವರೆಗೆ ಪೂರ್ಣ ವೇಗದಲ್ಲಿ ಈಜಲು ಹೇಳುತ್ತೇನೆ. ಮೊದಲ ದಿನ ಒಬ್ಬ, ‘ಸರ್, ಗೋಡೆನೇ ಇಲ್ದೆ ಹೆಂಗ್ ಶುರು ಮಾಡೋದು?’ ಎಂದು ಕೇಳಿದ. ಕೂಗಲು ಬಾಯಿ ತೆರೆದವನು ಆ ಮುಷ್ಟಿ ಕಟ್ಟಿದ ಹುಡುಗನನ್ನು ನೆನೆದು, ಚಪ್ಪಲಿ ಬಿಟ್ಟು ನೀರಿಗಿಳಿದು, ಅವನ ಮೊಣಕೈಯನ್ನು ಎಲ್ಲಿರಬೇಕೋ ಅಲ್ಲಿ ಹಿಡಿದು ತೋರಿಸಿದೆ.