ಇನ್ನೊಂದು ಸಲ ಕಟ್ಟುವ ಮೊದಲು

ವಿದ್ಯುತ್, ನೀರು, ಗ್ಯಾಸ್, ಯಾವುದರ ಬಿಲ್ಲೇ ಆಗಲಿ, ಬಿಲ್ಲಿಂಗ್ ವಿಭಾಗದಲ್ಲಿ ಕೂತವರ ಕಿವಿಗೆ ದಿನಾ ಬೀಳುವ ದೂರು ಒಂದೇ. "ದುಡ್ಡು ಕಟ್ ಆಯ್ತು, ಬಾಕಿ ಮಾತ್ರ ಹಾಗೇ ತೋರಿಸ್ತಿತ್ತು. ಅದಕ್ಕೇ ಇನ್ನೊಂದು ಸಲ ಕಟ್ಟಿದೆ. ಈಗ ಎರಡು ಸಲ ಹೋಗಿದೆ, ವಾಪಸ್ ಕೊಡಿ." ಹೀಗೆ ಹೇಳುವವರು ಬೇಜವಾಬ್ದಾರಿ ಜನರೇನಲ್ಲ. ಬಾಕಿ ಉಳಿಯಬಾರದು, ಮನೆಯ ಸಂಪರ್ಕ ಕಡಿಯಬಾರದು ಎಂಬ ಕಾಳಜಿಯಿಂದಲೇ ಎರಡನೇ ಸಲ ಗುಂಡಿ ಒತ್ತಿರುತ್ತಾರೆ. ಬಿಲ್ಲನ್ನೇ ಮರೆತು ಕೂತವರಿಗೆ ಈ ತಾಪತ್ರಯ ಬರುವುದೇ ಇಲ್ಲ.

ಲಾಗಿನ್ ಇಲ್ಲದೆ, ಬರೀ ಗ್ರಾಹಕ ಖಾತೆ ಸಂಖ್ಯೆ ಹಾಕಿ ಒಂದು ಸಲಕ್ಕೆ ದುಡ್ಡು ಕಟ್ಟಿ ಹೊರಬರುವವರಲ್ಲಿ ಇದು ಹೆಚ್ಚು. ಲಾಗಿನ್ ಆಗಿ ಕಟ್ಟಿದವರ ಪುಟದಲ್ಲಿ 'ಪಾವತಿ ಪ್ರಕ್ರಿಯೆಯಲ್ಲಿದೆ' ಎಂಬ ಸಾಲಾದರೂ ಸಾಮಾನ್ಯವಾಗಿ ಉಳಿದಿರುತ್ತದೆ. ಒಂದು ಸಲದ ಪಾವತಿಯ ಪುಟ ಮುಚ್ಚಿದರೆ ಹಿಂದೆ ಏನೂ ಉಳಿಯುವುದಿಲ್ಲ. ಮತ್ತೆ ತೆರೆದರೆ ಹಳೆಯ ಬಾಕಿಯೇ ಕಣ್ಣಿಗೆ ಬೀಳುತ್ತದೆ. ಎಷ್ಟೋ ಕಡೆ ಅಲ್ಲಿ ಕಾಣುವುದು ಆ ಕ್ಷಣದ ಬಾಕಿಯಲ್ಲ, ಹಿಂದಿನ ರಾತ್ರಿ ಲೆಕ್ಕ ಮುಗಿದಾಗ ಇದ್ದದ್ದು. ನೀವು ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕಟ್ಟಿ ಮುಗಿಸಿದ್ದರೂ ಮಧ್ಯಾಹ್ನ ಮೂರಕ್ಕೆ ಅದೇ ಅಂಕಿ ಕಾಣಬಹುದು. ಪಾವತಿ ಬಿದ್ದುಹೋಯಿತು ಎನ್ನುವುದಕ್ಕೆ ಅದು ಪುರಾವೆಯಾಗದು.

ಇದು ಅರ್ಥವಾಗಬೇಕಾದರೆ ದುಡ್ಡು ಹೋಗುವ ದಾರಿಯನ್ನು ನಿಧಾನಕ್ಕೆ ನೋಡಬೇಕು. ಕಾರ್ಡಿನ ಉದಾಹರಣೆ ತೆಗೆದುಕೊಳ್ಳಿ. ನೀವು ಗುಂಡಿ ಒತ್ತಿದಾಗ ಬ್ಯಾಂಕು ಮೊದಲು ಅನುಮತಿಯನ್ನಷ್ಟೇ ಕೊಡುತ್ತದೆ. 'ಇವರ ಹತ್ತಿರ ಇಷ್ಟು ದುಡ್ಡಿದೆ, ಇದನ್ನು ಬೇರೆಯದಕ್ಕೆ ಬಳಸದಂತೆ ಹಿಡಿದಿಟ್ಟಿದ್ದೇನೆ' ಎಂಬ ಮಾತು ಅದು. ನಿಮ್ಮ ಮೊಬೈಲಿಗೆ ಮೆಸೇಜು ಬರುವುದು, ಬ್ಯಾಲೆನ್ಸು ಇಳಿದಂತೆ ಕಾಣುವುದು ಈ ಹಂತದಲ್ಲೇ. ದುಡ್ಡು ಇನ್ನೂ ಎಲ್ಲಿಗೂ ಹೋಗಿರುವುದಿಲ್ಲ. ಎರಡನೆಯ ಹಂತದಲ್ಲಿ ಕಂಪನಿಯ ಪರವಾಗಿ ಆ ಮೊತ್ತವನ್ನು ಕೇಳಿ ಪಡೆಯಲಾಗುತ್ತದೆ. ಬ್ಯಾಂಕುಗಳ ನಡುವೆ ಲೆಕ್ಕ ಚುಕ್ತಾ ಆಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ಕೆಲಸದ ದಿನ ಹಿಡಿಯುತ್ತದೆ. ಮೂರನೆಯದು, ಬಂದ ದುಡ್ಡನ್ನು ನಿಮ್ಮ ಗ್ರಾಹಕ ಖಾತೆಗೆ ಜಮೆ ಮಾಡುವುದು. ಬಾಕಿ ಸೊನ್ನೆಯಾಗುವುದು ಇಲ್ಲಿ. ಕೆಲವು ಕಂಪನಿಗಳು ಅನುಮತಿ ಸಿಕ್ಕ ಕೂಡಲೇ ಜಮೆ ತೋರಿಸುತ್ತವೆ, ಕೆಲವು ಚುಕ್ತಾ ಆಗುವವರೆಗೆ ಕಾಯುತ್ತವೆ. ನಿಮ್ಮ ಕಂಪನಿಯದು ಯಾವ ಪದ್ಧತಿ ಎಂಬುದನ್ನು ಒಮ್ಮೆ ಕೇಳಿ ತಿಳಿದುಕೊಂಡಿರುವುದು ಒಳ್ಳೆಯದು.

ಈಗ ನಿಜವಾಗಿ ಎಡವುವ ಜಾಗಕ್ಕೆ ಬರೋಣ. ಕೊನೆಯ ದಿನ, ರಾತ್ರಿ 11.40. ಕಾರ್ಡಿನ ವಿವರ ಹಾಕಿ, ಮೊಬೈಲಿಗೆ ಬಂದ ಒಟಿಪಿ ಕೊಟ್ಟಾಗಿದೆ. ಪರದೆಯ ನಡುವೆ ಚಕ್ರ ಸುತ್ತುತ್ತಲೇ ಇದೆ. ಒಂದು ನಿಮಿಷ, ಎರಡು ನಿಮಿಷ. ಆಮೇಲೆ 'ಏನೋ ತೊಂದರೆಯಾಗಿದೆ, ಮತ್ತೆ ಪ್ರಯತ್ನಿಸಿ' ಎಂಬ ಸಾಲು. ಅಷ್ಟರಲ್ಲಿ ಬ್ಯಾಂಕಿನಿಂದ ಮೆಸೇಜು ಬಂದೇ ಬಿಟ್ಟಿರುತ್ತದೆ. ಆಗಿರುವುದಿಷ್ಟೆ: ಬ್ಯಾಂಕು 'ಆಯಿತು' ಎಂದಿದೆ, ಆ ಉತ್ತರ ಪಾವತಿ ಪುಟಕ್ಕೆ ತಡವಾಗಿ ಬಂದಿದೆ ಅಥವಾ ಬಂದೇ ಇಲ್ಲ. ಪುಟ ತನಗೆ ಗೊತ್ತುಮಾಡಿದಷ್ಟು ಹೊತ್ತು ಕಾದು ಕೈಬಿಟ್ಟಿದೆ. ಸಂಗತಿ ಬ್ಯಾಂಕಿಗೆ ಗೊತ್ತು, ಬಿಲ್ ಕಂಪನಿಗೆ ಇನ್ನೂ ಗೊತ್ತಿಲ್ಲ.

ಇಂಥ ನಡುದಾರಿಯ ಪಾವತಿಗಳು ಅಲ್ಲೇ ಬಿದ್ದಿರುವುದಿಲ್ಲ. ನಿಮ್ಮ ದುಡ್ಡನ್ನು ಕಂಪನಿಗೆ ದಾಟಿಸುವ ಪಾವತಿ ಸಂಸ್ಥೆಯಿಂದ ಬರುವ ಪಟ್ಟಿಯನ್ನು ಕಂಪನಿ ತನ್ನ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಬಹಳ ಕಡೆ ಇದು ದಿನಕ್ಕೊಮ್ಮೆ ನಡೆಯುವ ಕೆಲಸ. ನಿಮ್ಮ ಪಾವತಿ ಅದರಲ್ಲಿ ಸಿಕ್ಕಿದರೆ ಜಮೆ ಆಗುತ್ತದೆ. ಮೊತ್ತವನ್ನು ಕಂಪನಿ ಕೇಳಿಯೇ ಇಲ್ಲವಾದರೆ ಬ್ಯಾಂಕು ಹಿಡಿದಿಟ್ಟ ದುಡ್ಡನ್ನು ಕೆಲವು ದಿನಗಳಲ್ಲಿ ಬಿಟ್ಟುಕೊಡುತ್ತದೆ. ನೀವು ಏನೂ ಮಾಡದಿದ್ದರೂ ಸಾಮಾನ್ಯವಾಗಿ ಇವೆರಡರಲ್ಲಿ ಒಂದು ಆಗುತ್ತದೆ. ನೀವು ಮತ್ತೆ ಒತ್ತಿದಿರೋ, ಹೊಸ ವಹಿವಾಟು ಸಂಖ್ಯೆಯೊಂದಿಗೆ ಹೊಸ ಪಾವತಿ ಹುಟ್ಟುತ್ತದೆ. ಅದು ಹಿಂದಿನದರ ಪುನರಾವರ್ತನೆ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಒಂದೇ ಬಿಲ್ಲನ್ನು ಎರಡು ಕಂತಿನಲ್ಲಿ ಕಟ್ಟುವವರಿದ್ದಾರೆ, ಮುಂಗಡ ಹಾಕಿಡುವವರಿದ್ದಾರೆ. ಒಂದೇ ಖಾತೆಗೆ ಒಂದೇ ಮೊತ್ತ ಬೆನ್ನುಬೆನ್ನಿಗೆ ಬಂದರೆ ತಡೆಯುವ ವ್ಯವಸ್ಥೆ ಕೆಲವು ಕಡೆ ಇದೆ. ಅದನ್ನು ನಂಬಿ ಒತ್ತಬೇಡಿ.

ಮೊದಲೇ ದುಡ್ಡು ಕಟ್ಟಿ ಬಳಸುವ ಪ್ರೀಪೇಯ್ಡ್ ಮೀಟರುಗಳನ್ನು ನೋಡಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಎಸ್‌ಟಿಎಸ್ (ಸ್ಟ್ಯಾಂಡರ್ಡ್ ಟ್ರಾನ್ಸ್‌ಫರ್ ಸ್ಪೆಸಿಫಿಕೇಶನ್) ಮಾದರಿಯಲ್ಲಿ ದುಡ್ಡು ಕಟ್ಟಿದವರಿಗೆ ಟೋಕನ್, ಅಂದರೆ ಮೀಟರಿನಲ್ಲಿ ಒತ್ತಬೇಕಾದ 20 ಅಂಕಿಯ ಸಂಖ್ಯೆ, ಸಿಗುತ್ತದೆ. ಅದನ್ನು ಎರಡನೇ ಸಲ ಒತ್ತಿದರೆ 'ಇದು ಬಳಸಿಯಾಗಿದೆ' ಎಂದು ಮೀಟರು ತಳ್ಳಿಹಾಕುತ್ತದೆ, ಏಕೆಂದರೆ ಟೋಕನ್ನಿನೊಳಗೇ ಅದು ತಯಾರಾದ ನಿಮಿಷದ ಗುರುತಿರುತ್ತದೆ. ಆ ನಿಮಿಷಗಳ ಎಣಿಕೆ 1993ರಿಂದ ಶುರುವಾಗಿ, ಟೋಕನ್ನಿನಲ್ಲಿ ಅದಕ್ಕೆಂದು ಇಟ್ಟ ಜಾಗ ತುಂಬಿ, 2024ರ ನವೆಂಬರ್ 24ಕ್ಕೆ ಮುಗಿಯಿತು. ಅದಕ್ಕೆ ಮೊದಲು ಹಳೆಯ ಮೀಟರುಗಳಿಗೆಲ್ಲ ಹೊಸ ಸಂಕೇತ ಊಡಿಸಬೇಕಾಯಿತು. ಅಷ್ಟು ಕಟ್ಟುನಿಟ್ಟು. ಹಾಗಾಗಿ ಟೋಕನ್ ಎರಡು ಸಲ ಒತ್ತಿದರೆ ನಷ್ಟವಿಲ್ಲ. ಟೋಕನ್ ಬರಲಿಲ್ಲವೆಂದು ಮತ್ತೊಮ್ಮೆ ದುಡ್ಡು ಕಟ್ಟಿದರೆ ಮಾತ್ರ ಎರಡು ಟೋಕನ್, ಎರಡು ಪಾವತಿ. ಮೊದಲು 'ಹಿಂದಿನ ಟೋಕನ್ ಮತ್ತೆ ಕಳಿಸಿ' ಎಂದು ಕೇಳಬೇಕು.

ಚಕ್ರ ಸುತ್ತುತ್ತಿರುವಾಗ ಹಿಂದಿನ ಪುಟಕ್ಕೆ ಹೋಗಬೇಡಿ, ರಿಫ್ರೆಶ್ ಮಾಡಬೇಡಿ. ಪುಟ ಕೈಕೊಟ್ಟರೆ ಪರದೆಯ ಚಿತ್ರ ತೆಗೆದಿಡಿ. ಬ್ಯಾಂಕಿನ ಆ್ಯಪ್‌ನಲ್ಲಿ ಆ ಮೊತ್ತ ಇದೆಯೇ, ಇದ್ದರೆ 'ಪೆಂಡಿಂಗ್' ಎಂದಿದೆಯೇ ನೋಡಿ. ರಸೀದಿಯ ಇಮೇಲನ್ನು ಸ್ಪ್ಯಾಮ್‌ನಲ್ಲೂ ಹುಡುಕಿ. ಇಮೇಲ್ ವಿಳಾಸದಲ್ಲಿ ಒಂದಕ್ಷರ ತಪ್ಪಾಗಿ, ರಸೀದಿ ಇನ್ಯಾರಿಗೋ ಹೋಗುವುದು ಒಂದು ಸಲದ ಪಾವತಿಯಲ್ಲಿ ಆಗುತ್ತಲೇ ಇರುತ್ತದೆ. ಬ್ಯಾಂಕಿನಲ್ಲಿ ಮೊತ್ತ ಕಂಡರೆ ಮೂರು ಕೆಲಸದ ದಿನ ಬಿಡಿ. ಗಡುವು ಅಂದೇ ಇದ್ದರೆ ಕಂಪನಿಗೆ ಫೋನು ಮಾಡಿ, ಪಾವತಿ ದಾರಿಯಲ್ಲಿದೆ ಎಂದು ಖಾತೆಯಲ್ಲಿ ಬರೆಸಿ. ದಿನಾಂಕ, ಸಮಯ, ಮೊತ್ತ, ವಹಿವಾಟು ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಕೊಟ್ಟರೆ ಸಾಕು. ಪೂರ್ತಿ ಕಾರ್ಡ್ ಸಂಖ್ಯೆಯನ್ನಾಗಲಿ ಒಟಿಪಿಯನ್ನಾಗಲಿ ಹುಡುಕಾಟಕ್ಕೆಂದು ಯಾರೂ ಕೇಳಬೇಕಾಗಿಲ್ಲ, ಕೇಳಿದರೆ ಫೋನಿಡಿ. ಜಮೆ ತಡವಾದರೂ ನೀವು ಕಟ್ಟಿದ ದಿನಾಂಕವನ್ನೇ ಹಲವು ಕಂಪನಿಗಳು ಲೆಕ್ಕಕ್ಕೆ ಹಿಡಿಯುತ್ತವೆ. ಎಲ್ಲವೂ ಅಲ್ಲ. ಸಂಜೆ ಇಷ್ಟು ಗಂಟೆಯ ನಂತರ ಕಟ್ಟಿದ್ದು ಮರುದಿನದ್ದು ಎನ್ನುವ ನಿಯಮವೂ ಇರುತ್ತದೆ. ಅದಕ್ಕೇ ಗಡುವಿಗೆ ಮೂರ್ನಾಲ್ಕು ದಿನ ಇರುವಾಗಲೇ ಕಟ್ಟಿ ಎನ್ನುವುದು.

ಈಗಾಗಲೇ ಎರಡು ಸಲ ಕಟ್ಟಿಬಿಟ್ಟಿದ್ದರೆ? ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಕಂಪನಿಯನ್ನು ಕೇಳದೆ ನೇರವಾಗಿ ಬ್ಯಾಂಕಿನಲ್ಲಿ ತಕರಾರು ಹಾಕಬೇಡಿ. ಬ್ಯಾಂಕು ಎರಡರಲ್ಲಿ ಒಂದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಷ್ಟರಲ್ಲಿ ಕಂಪನಿ ಹೆಚ್ಚುವರಿ ಮೊತ್ತವನ್ನು ತಾನಾಗಿ ಮರಳಿಸಿದ್ದರೆ ಎರಡೂ ಹೊರಟುಹೋಗಿ ಬಿಲ್ಲು ಮತ್ತೆ ಬಾಕಿಗೆ ಬೀಳುತ್ತದೆ. ಖಾತೆಯಲ್ಲಿ 'ಪಾವತಿ ಹಿಂತಿರುಗಿದೆ' ಎಂಬ ಗುರುತು ಕೂರುತ್ತದೆ, ಅದಕ್ಕೆ ಶುಲ್ಕ ಬೀಳಬಹುದು. ಹೀಗೆ ಒಂದೆರಡು ಸಲವಾದರೆ ಕಾರ್ಡಿನಿಂದ ಕಟ್ಟುವ ಅವಕಾಶವನ್ನೇ ಕೆಲವು ಕಂಪನಿಗಳು ತೆಗೆದುಹಾಕುತ್ತವೆ. ಮೊದಲು ಕಂಪನಿಯನ್ನು ಕೇಳಿ. ಮುಂದಿನ ಬಿಲ್ಲಿಗೆ ಹೊಂದಿಸಿಕೊಳ್ಳಬಹುದಾದರೆ ಅದೇ ಸುಲಭ. ವಾಪಸ್ಸೇ ಬೇಕೆಂದರೆ ಲಿಖಿತವಾಗಿ ಕೇಳಿ, ದೂರಿನ ಸಂಖ್ಯೆ ತೆಗೆದುಕೊಳ್ಳಿ. ಎರಡೂ ಪಾವತಿ ಚುಕ್ತಾ ಆಗಿವೆಯೇ ಎಂದು ಖಾತ್ರಿಯಾಗುವವರೆಗೆ ಅವರು ಕಾಯುತ್ತಾರೆ, ಹಾಗಾಗಿ ತಡವಾಗುತ್ತದೆ. ಅವರು ಒಪ್ಪದಿದ್ದರೆ ಅಥವಾ ಉತ್ತರವನ್ನೇ ಕೊಡದಿದ್ದರೆ ಆಗ ಬ್ಯಾಂಕಿಗೆ ಹೋಗಿ. ತಕರಾರಿಗೂ ಗಡುವಿರುತ್ತದೆ, ಅದನ್ನು ಮೀರಿ ಸುಮ್ಮನಿರಬೇಡಿ.

ಎರಡು ಸಲ ಹೋಗುವುದಕ್ಕೆ ಇನ್ನೊಂದು ದಾರಿ ಸ್ವಯಂ ಪಾವತಿ. ಅದರಲ್ಲಿ 'ಇಷ್ಟು ಮೊತ್ತ ಕೊಡಿ' ಎಂಬ ಕಂಪನಿಯ ಕೋರಿಕೆ ಗಡುವಿಗೆ ಕೆಲವು ದಿನ ಮುಂಚೆಯೇ ಬ್ಯಾಂಕಿಗೆ ಹೊರಟಿರುತ್ತದೆ. ಅದರ ನಂತರ ನೀವು ಕೈಯಾರೆ ಕಟ್ಟಿದರೂ ಹೊರಟ ಕೋರಿಕೆ ನಿಲ್ಲದು. ಮನೆಯಲ್ಲಿ ಒಬ್ಬರು ಸ್ವಯಂ ಪಾವತಿ ಹಾಕಿಟ್ಟು, ಇನ್ನೊಬ್ಬರು ಬಿಲ್ಲು ಕಂಡ ಕೂಡಲೇ ಕಟ್ಟಿಬಿಡುವುದು ತುಂಬ ಸಾಮಾನ್ಯ.

ಖಾತೆ ಸಂಖ್ಯೆಯ ವಿಷಯ. ಬಿಲ್ಲಿನ ಮೇಲೆ ಬಿಲ್ ಸಂಖ್ಯೆ, ಮೀಟರ್ ಸಂಖ್ಯೆ, ಗ್ರಾಹಕ ಖಾತೆ ಸಂಖ್ಯೆ ಎಲ್ಲವೂ ಇರುತ್ತವೆ. ಸಾಮಾನ್ಯವಾಗಿ ಬೇಕಾದದ್ದು ಕೊನೆಯದು. ಅನೇಕ ಸಂಖ್ಯೆಗಳ ತುದಿಯಲ್ಲಿ, ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಇಟ್ಟ ತಪಾಸಣೆಯ ಅಂಕಿಯೊಂದು ಇರುತ್ತದೆ. ಕಾರ್ಡುಗಳಲ್ಲಿರುವ ಲೂನ್ ಸೂತ್ರದಂಥದ್ದು ಒಂದೇ ಅಂಕಿ ತಪ್ಪಿದರೆ ಖಂಡಿತ ಹಿಡಿಯುತ್ತದೆ, ಅಕ್ಕಪಕ್ಕದ ಅಂಕಿ ಅದಲುಬದಲಾದರೂ ಹಿಡಿಯುತ್ತದೆ, 09 ಮತ್ತು 90ರ ಅದಲುಬದಲು ಮಾತ್ರ ಅದರ ಕಣ್ಣಿಗೆ ಬೀಳದು. ಆದರೆ ನೀವು ಹಾಕಿದ್ದು ಹಳೆಯ ಮನೆಯ ಸಂಖ್ಯೆಯಾದರೆ ಯಾವ ಸೂತ್ರವೂ ಕಾಯದು. ಅದೂ ಸರಿಯಾದ ಸಂಖ್ಯೆಯೇ, ದುಡ್ಡು ಮಾತ್ರ ಈಗ ಅಲ್ಲಿರುವವರ ಬಿಲ್ಲಿಗೋ, ಮುಚ್ಚಿದ ಖಾತೆಗೋ ಹೋಗುತ್ತದೆ. ಪಾವತಿ ಪುಟದಲ್ಲಿ ಹೆಸರಿನ ಒಂದೆರಡು ಅಕ್ಷರವೋ ವಿಳಾಸದ ತುಣುಕೋ ಕಾಣುವುದು ಇದಕ್ಕಾಗಿಯೇ. ಅದನ್ನು ಓದಿ, ಆಮೇಲೆ ಮುಂದುವರಿಯಿರಿ.

ಬ್ಯಾಂಕಿನಿಂದ ನೇರ ವರ್ಗಾವಣೆ ಮಾಡುವವರು ವಿವರದ ಜಾಗದಲ್ಲಿ 'ನೀರಿನ ಬಿಲ್ಲು' ಎಂದೋ ತಮ್ಮ ಹೆಸರೆಂದೋ ಬರೆಯುತ್ತಾರೆ. ಅಲ್ಲಿ ಬೇಕಿರುವುದು ಗ್ರಾಹಕ ಖಾತೆ ಸಂಖ್ಯೆ, ಅದೊಂದೇ. ಅದಿಲ್ಲದೆ ಬಂದ ದುಡ್ಡು ಯಾರದೆಂದು ತಿಳಿಯದೆ ಸಸ್ಪೆನ್ಸ್ ಖಾತೆಯಲ್ಲಿ ಕೂರುತ್ತದೆ, ಯಾರಾದರೂ ಕೈಯಾರೆ ಹುಡುಕಿ ಹೊಂದಿಸುವವರೆಗೆ. ಇತ್ತ ನಿಮ್ಮ ಬಿಲ್ಲಿಗೆ ದಂಡ ಬೀಳುತ್ತಿರುತ್ತದೆ.

ಪಾವತಿ ಪುಟದ ವಿಳಾಸವನ್ನು ಬಿಲ್ಲಿನಿಂದ ನೋಡಿ ಟೈಪು ಮಾಡಿ. ಹುಡುಕಿದಾಗ ಮೇಲೆ ಬರುವ ಜಾಹೀರಾತುಗಳಲ್ಲಿ ಶುಲ್ಕ ಸೇರಿಸಿಕೊಂಡು ದಿನಗಟ್ಟಲೆ ತಡವಾಗಿ ಮುಟ್ಟಿಸುವ ಮಧ್ಯವರ್ತಿಗಳಿದ್ದಾರೆ, ಶುದ್ಧ ಮೋಸಗಾರರೂ ಇದ್ದಾರೆ. 'ಮುಂದಿನ ಸಲಕ್ಕೆ ಕಾರ್ಡ್ ಉಳಿಸು', 'ಪ್ರತಿ ತಿಂಗಳೂ ಕಟ್ಟು' ಎಂಬ ಚೌಕಗಳಲ್ಲಿ ಮೊದಲೇ ಗುರುತು ಬಿದ್ದಿದ್ದರೆ ತೆಗೆಯಿರಿ. ಅಪ್ಪ ಅಮ್ಮನ ಬಿಲ್ಲನ್ನು ಒಂದು ಸಲಕ್ಕೆಂದು ಕಟ್ಟಿಕೊಡುವವರು ಇದನ್ನು ಖಂಡಿತ ಗಮನಿಸಬೇಕು.

ಸಂಪರ್ಕ ಕಡಿಯುವ ನೋಟಿಸು ಬಂದಿದ್ದರೆ ಬರೀ ಕಟ್ಟಿ ಸುಮ್ಮನಾಗಬೇಡಿ. ಆ ದಿನ ಕಡಿಯಬೇಕಾದ ಮನೆಗಳ ಪಟ್ಟಿ ಬೆಳಿಗ್ಗೆಯೇ ಸಿಬ್ಬಂದಿಯ ಕೈಸೇರಿರಬಹುದು, ನೀವು ಹನ್ನೊಂದಕ್ಕೆ ಕಟ್ಟಿದ್ದು ಅದರಲ್ಲಿ ಕಾಣದು. ಕಟ್ಟಿದ ಕೂಡಲೇ ನೋಟಿಸಿನಲ್ಲಿರುವ ಸಂಖ್ಯೆಗೆ ಕರೆಮಾಡಿ ವಹಿವಾಟು ಸಂಖ್ಯೆ ಕೊಡಿ, ಪಟ್ಟಿಯಿಂದ ಹೆಸರು ತೆಗೆಸಿ. ಕಟ್ಟುವ ಮೊತ್ತವೂ ನೋಟಿಸಿನಲ್ಲಿರುವಷ್ಟು ಇರಲಿ. ಈ ತಿಂಗಳದ್ದಷ್ಟೇ ಕಟ್ಟಿದರೆ ಅದು ಸಾಮಾನ್ಯವಾಗಿ ಹಳೆಯ ಬಾಕಿಗೇ ಮೊದಲು ಹೋಗುತ್ತದೆ, ಉಳಿದದ್ದು ಬಾಕಿಯಾಗಿಯೇ ನಿಲ್ಲುತ್ತದೆ. ಪೂರ್ತಿ ಕಟ್ಟಲಾಗದಿದ್ದರೆ ಕಟ್ಟುವ ಮುಂಚೆಯೇ ಕಂತು ಕೇಳಿ. ಒಪ್ಪಿದ ದಿನಾಂಕ ಮತ್ತು ಮೊತ್ತವನ್ನು ಲಿಖಿತವಾಗಿ ಪಡೆಯಿರಿ.